ಪರದೆಯ ಉಬ್ಬು ಮತ್ತು ಸಾಹೇಬರ ಕೆನ್ನೆ

ಗಾಳಿಗೂ ಶಿಸ್ತು ಕಲಿಸಹೊರಟಿರುವ ಕಟ್ಟಡ ಉಸ್ತುವಾರಿ ಅಧಿಕಾರಿಗಳೇ, ಮಾನ್ಯರೇ,

ಮೊಳಕಾಲ್ಮೂರು ರಸ್ತೆಯ ನಮ್ಮ ಶಾಲೆಯ ಜಗುಲಿಗೆ ಕಟ್ಟಿಸಿರುವ ಬಿಸಿಲುಪರದೆಯನ್ನು ತಾವು ಕೂಡಲೇ ಸಡಿಲಿಸಬೇಕು. ಬಟ್ಟೆ ಗಟ್ಟಿಯಾಗಿದೆ, ಹರಿಯುವುದಿಲ್ಲ. ಆದರೆ ಜೋರು ಗಾಳಿ ಬೀಸಿದ ದಿನ ಅದು ಮೇಲಿನ ಪ್ಯಾರಾಪೆಟ್ ಗೋಡೆಯನ್ನೇ ಕಿತ್ತುಕೊಂಡು ಬೀಳಲಿದೆ. ಆ ಗೋಡೆಯ ಕೆಳಗೇ ಮಕ್ಕಳು ಮಧ್ಯಾಹ್ನದ ಊಟಕ್ಕೆ ಕೂರುವುದು.

ಇದನ್ನು ಹೇಳಲು ನೀನ್ಯಾರಯ್ಯ ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ, ನಮ್ಮ ಮನೆಯಲ್ಲೂ ಅದನ್ನೇ ಕೇಳುತ್ತಾರೆ. ಚಳ್ಳಕೆರೆಯ ಒಂದು ಕಾಲೇಜಿನಲ್ಲಿ ಗಣಿತ ಹೇಳುವ ಮೇಷ್ಟ್ರು ನಾನು. ಕಟ್ಟಡಕ್ಕೆ ಕಟ್ಟಿದ ಬಟ್ಟೆ ಗಾಳಿಗೆ ಎಷ್ಟು ಉಬ್ಬುತ್ತದೆ, ಉಬ್ಬಿದಾಗ ಗೋಡೆಯನ್ನು ಎಷ್ಟು ಜಗ್ಗುತ್ತದೆ ಎಂಬುದನ್ನು ಸಮೀಕರಣಕ್ಕೆ ಇಳಿಸುವುದು ನನ್ನ ಚಟ. ಇಸ್ಪೀಟಿನ ಚಟವಾಗಿದ್ದರೆ ನಾಲ್ಕು ಜನ ಗೆಳೆಯರಾದರೂ ಇರುತ್ತಿದ್ದರು! ಬೇಸಿಗೆಯಲ್ಲಿ ನಮ್ಮವ್ವ ಶಿವಬಸಮ್ಮನ ಸೀರೆಯನ್ನು ನಡುಮನೆಯ ಕಂಬಗಳಿಗೆ ಕಟ್ಟಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟು ಅಳೆಯುತ್ತಿದ್ದೆ. "ಲೇ ಶಶಿ, ನಾವಿಲ್ಲಿ ಸೆಕೆಗೆ ಬೇಯ್ತಾ ಇದ್ರೆ ನೀನು ಸೀರೆಗೆ ಗಾಳಿ ಹಾಕ್ತೀಯಲ್ಲೋ! ಅದೇನು ಬೆವರ್ತೈತಾ?" ಎಂದಳು. ನನ್ನ ಸಂಶೋಧನೆಗೆ ಈವರೆಗೆ ಬಂದಿರುವ ವಿಮರ್ಶೆ ಅದೊಂದೇ.

ನನ್ನ ಹೆಂಡತಿ ತ್ರಿವೇಣಿ ಆ ಶಾಲೆಯಲ್ಲಿ ಶಿಕ್ಷಕಿ. ಅವಳ ಮುಲಾಜಿಗೋ ಏನೋ, ಗುತ್ತಿಗೆದಾರ ರವಿಕಿರಣ್ ನನ್ನ ಲೆಕ್ಕದಂತೆಯೇ, ನಡುವೆ ಒಂದು ಮೊಳ ಉಬ್ಬುವಷ್ಟು ಸಡಿಲ ಬಿಟ್ಟು ಪರದೆ ಕಟ್ಟಿಸಿದರು. ಸಮೀಕರಣವೊಂದು ಊರಿನ ಉಪಯೋಗಕ್ಕೆ ಬಂತೆಂದು ನಾನು ಎರಡು ದಿನ ಎದೆ ಸೆಟೆಸಿಕೊಂಡೇ ಓಡಾಡಿದೆ.

ಆಮೇಲೆ ಉದ್ಘಾಟನೆ ಬಂತು. ಪರದೆಯ ತುಂಬ ತಾವು ಉದ್ಘಾಟಕ ಸಾಹೇಬರ ಭಾವಚಿತ್ರ ಮುದ್ರಿಸಿದ್ದಿರಿ. ಗಾಳಿ ಬೀಸಿತು, ಸಾಹೇಬರ ಕೆನ್ನೆ ಊದಿತು, ಮೂಗು ಮುಂದೆ ಬಂತು, ಮಕ್ಕಳು ಗೊಳ್ಳೆಂದು ನಕ್ಕರು. ತಾವು ಕೆಂಡಾಮಂಡಲ. "ಏನ್ರೀ ಇದು, ಸಾಹೇಬ್ರ ಮುಖ ಹಲ್ಲುನೋವು ಬಂದಂಗೈತೆ! ಎಳೆದು ಬಿಗಿರ‍್ರೀ!" ಎಂದಿರಿ. ಬಿಗಿದರು. ಒಂದು ಮೊಳದ ಉಬ್ಬು ಅರ್ಧವಾಗಿ ಒಂದು ಗೇಣಿಗೆ ಇಳಿಯಿತು. ನನ್ನ ಸಮೀಕರಣದಲ್ಲಿ ಗಾಳಿಯಿತ್ತು, ಬಟ್ಟೆಯಿತ್ತು, ತಂತಿಯಿತ್ತು. ಸಾಹೇಬರ ಕೆನ್ನೆ ಮಾತ್ರ ಇರಲಿಲ್ಲ. ಎಂಥ ದಡ್ಡ ನೋಡಿ ನಾನು!

ಗಾಬರಿಯಿಂದ ತಮ್ಮ ಕಚೇರಿಗೆ ಓಡಿ ಬಂದೆ. "ಬಿಗಿ ಇದ್ರೆ ಭದ್ರ ಅಲ್ವೇನ್ರೀ ಮೇಷ್ಟ್ರೇ?" ಎಂದು ಸರಳವಾಗಿ ಕೇಳಿದಿರಿ. ನಾನು ಕಲನಶಾಸ್ತ್ರ ಶುರು ಮಾಡಿದೆ. ತಾವು ಚಹಾ ಕುಡಿದಿರಿ. ಕೋಣನ ಮುಂದೆ ಕಿನ್ನರಿ ಎನ್ನಬಹುದಿತ್ತು, ಆದರೆ ಬಾರಿಸಿದವನಿಗೂ ಬಾರಿಸಲು ಬರುತ್ತಿರಲಿಲ್ಲ. ಈಗ ನೆಟ್ಟಗೆ ಹೇಳುತ್ತೇನೆ. ಬಿಗಿದ ಹಗ್ಗಕ್ಕೆ ಒದ್ದೆ ಕಂಬಳಿ ಹಾಕಿ ನೋಡಿ, ಮೊಳೆ ಕಿತ್ತು ಬರುತ್ತದೆ. ಜೋಲು ಬಿಟ್ಟ ಹಗ್ಗ ಅದೇ ಕಂಬಳಿಯನ್ನು ಸುಮ್ಮನೆ ಹೊರುತ್ತದೆ. ಉಬ್ಬು ಅರ್ಧವಾದರೆ ಗೋಡೆಯ ಮೇಲಿನ ಎಳೆತ ಇಮ್ಮಡಿ. ನನ್ನ ಅಷ್ಟೂ ವರ್ಷಗಳ ಗಣಿತದ ಸಾರ ಇಷ್ಟೇ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಈಗಾಗಲೇ ಪರದೆಯ ತಂತಿ ಹಿಡಿದಿರುವ ಬೋಲ್ಟುಗಳ ಸುತ್ತ ಗೋಡೆ ಬಿರುಕು ಬಿಟ್ಟಿದೆ. ಆಷಾಢ ಬಾಗಿಲಲ್ಲೇ ಇದೆ. ಉಳ್ಳಾರ್ತಿ ಕಾವಲಿನ ಬಯಲು ದಾಟಿ ಬರುವ ಗಾಳಿ ಯಾರ ಫೋಟೊ ಎಂದು ವಿಚಾರಿಸುತ್ತದೆಯೇ? ತ್ರಿವೇಣಿ ಮಕ್ಕಳನ್ನು ಜಗುಲಿಯಿಂದ ಎಬ್ಬಿಸಿ ಅಂಗಳದಲ್ಲಿ ಊಟಕ್ಕೆ ಕೂರಿಸುತ್ತಿದ್ದಾಳೆ. "ಅಲ್ಲಿ ನೆರಳು ಐತಲ್ಲ ಮಿಸ್, ಬಿಸಿಲಾಗ್ಯಾಕೆ ಕೂರ್ಬೇಕು?" ಎಂದು ಕಾವ್ಯ ಎಂಬ ಹುಡುಗಿ ಕೇಳಿದಳಂತೆ. ತ್ರಿವೇಣಿ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳಂತೆ. ಅದನ್ನು ಕೇಳಿದವನೇ ಈ ಪತ್ರ ಬರೆಯಲು ಕೂತೆ.

ಆದ್ದರಿಂದ ಮಾನ್ಯರೇ, ಸಾಹೇಬರ ಚಿತ್ರವನ್ನು ತಗಡಿನ ಮೇಲೆ ಬರೆಸಿ ಎಲ್ಲಿ ಬೇಕಾದರೂ ತೂಗುಹಾಕಿ. ಪರದೆ ಮಾತ್ರ ಸಡಿಲಿಸಿ, ಬಿರುಕು ಮುಚ್ಚಿಸಿ. ಈ ಶನಿವಾರದೊಳಗೆ ತಮ್ಮವರು ಯಾರೂ ಬಾರದಿದ್ದರೆ ಭಾನುವಾರ ನಾನೇ ಪಾನಾ ಹಿಡಿದು ಹತ್ತುತ್ತೇನೆ. ಸರ್ಕಾರಿ ಸ್ವತ್ತು ಹಾಳುಮಾಡಿದನೆಂದು ಕೇಸು ಹಾಕಿಸಿ, ಕೋರ್ಟಿಗೂ ಬರುತ್ತೇನೆ. ಸೋಮವಾರ ಮಕ್ಕಳು ನೆರಳಿನಲ್ಲಿ ಉಣ್ಣಬೇಕು.

ಇಂತಿ,
ಏಣಿಯ ಎರಡನೇ ಮೆಟ್ಟಿಲಿಗೇ ತಲೆ ತಿರುಗುವ, ಆದರೂ ಹತ್ತಲಿರುವ,
ಶಶಿಕಾಂತ್, ಗಣಿತದ ಮೇಷ್ಟ್ರು, ಚಳ್ಳಕೆರೆ
(ಏಣಿ ಹಿಡಿದುಕೊಳ್ಳಲು ತ್ರಿವೇಣಿ ಒಪ್ಪಿದ್ದಾಳೆ)