ನೀಲವ್ವನ ಬಾಗಿಲಿನ ಬಿಲ್ಲೆ

ಘಟಪ್ರಭೆಯ ದಂಡೆ
೨೧೪೮, ಫೆಬ್ರುವರಿ ಮೂವತ್ತು

ಮೊದಲ ಪ್ರಶ್ನಾವಳಿ ಬರೆಯಲು ಕುಳಿತಿರುವ ಹಿರಿಯರಿಗೆ,

ನಿಮ್ಮ ಕಾಲದ ಕ್ಯಾಲೆಂಡರಿನಲ್ಲಿ ಈ ದಿನವಿಲ್ಲ. ಜರಡಿ ಗಣತಿಗೆಂದೇ ನಮ್ಮವರು ಸೇರಿಸಿಕೊಂಡ ದಿನ ಇದು. ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಸುದ್ದಿಯಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂಬ ಅರಿವು ದೇಶದ ಜನಕ್ಕೆ ಎಷ್ಟಿದೆಯೆಂದು ಅಳೆಯುವುದೇ ಜರಡಿ ಗಣತಿ. ವರ್ಷಕ್ಕೊಮ್ಮೆ ಜರಡಿಯಕ್ಕ ಮನೆಗೆ ಬಂದು, ಇಪ್ಪತ್ತು ಸುದ್ದಿ ಓದಿ, ನಿಜವೋ ಸುಳ್ಳೋ ಎಂದು ಕೇಳುತ್ತಾಳೆ. ಬಂದ ಅಂಕವನ್ನು ತಗಡಿನ ಬಿಲ್ಲೆಯ ಮೇಲೆ ಬರೆದು ಬಾಗಿಲಿಗೆ ಹೊಡೆಯುತ್ತಾಳೆ. ಹೆಣ್ಣು ನೋಡಲು ಬಂದವರೂ ಮೊದಲು ಬಿಲ್ಲೆ ನೋಡುತ್ತಾರೆ.

ನಿಮ್ಮ ಹಳೆಯ ಕಡತಗಳನ್ನು ಓದಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಸುಳ್ಳನ್ನು ನಂಬಿದರೆ ಐದು ಅಂಕ ಕಳೆಯಬೇಕೆಂದು ಬರೆದಿರಿ. ನಿಜವನ್ನು ನಂಬದವರಿಗೆ ಏನೂ ಕಳೆಯುವುದು ಬೇಡ, ಅನುಮಾನವೂ ಒಂದು ಗುಣವೇ ಎಂದು ಅಂಚಿನಲ್ಲಿ ಟಿಪ್ಪಣಿ ಹಾಕಿದಿರಿ. ಜನ ದಡ್ಡರಲ್ಲ, ಬೇಗನೆ ದಾರಿ ಕಂಡುಕೊಂಡರು. ನನ್ನ ತಂಗಿ ನೀಲವ್ವನನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ನಾನೇ ಪಾಠ ಹೇಳಿದೆ: "ಏನ ಕೇಳಿದ್ರೂ ಸುಳ್ಳು ಅಂದುಬಿಡ."

"ಅಕ್ಕಾ, ಹೊತ್ತು ಮೂಡೋದೂ ಸುಳ್ಳ ಏನ?" ಎಂದು ನಕ್ಕಳು. ಅವಳಿಗೆ ನೂರಕ್ಕೆ ನೂರು ಬಂತು.

ಕಳೆದ ಬೇಸಿಗೆಯಲ್ಲಿ ಅವಳ ಊರಿನ ನಲ್ಲಿ ನೀರಿಗೆ ವಿಷ ಸೇರಿತು. ಎಲ್ಲರ ಅಂಗೈತೆರೆಗೂ ಎಚ್ಚರಿಕೆ ಬಂತು. ಅಂಗೈತೆರೆ ಎಂದರೆ ನಿಮ್ಮ ಮೊಬೈಲಿನ ಮೊಮ್ಮಗು. ಯಾರೂ ನಂಬಲಿಲ್ಲ. ಮೂವತ್ತು ವರ್ಷ ಆ ಓಣಿಗೆ ನೀರು ಬಿಟ್ಟ ಮಾಬುಸಾಬ ಮನೆಮನೆಗೆ ಓಡಿದ.

"ನೀಲವ್ವಾರ, ಕೈ ಮುಗೀತೀನ್ರಿ, ಆ ನೀರ ಚೆಲ್ರಿ."

"ಬಿಲ್ಲೆ ನೋಡಪಾ ಮಾಬುಸಾಬ! ನೂರಕ್ಕ ನೂರು ತಗೊಂಡಾಕಿ ನಾ. ನಿನ್ನ ಆಟ ನನ್ನ ಮುಂದ ನಡಿಯಂಗಿಲ್ಲ."

ಓಣಿಯ ಹೆಂಗಸರೆಲ್ಲ ನಕ್ಕರಂತೆ. ಅವಳು ಅದೇ ನೀರಿನಲ್ಲಿ ಅಂಬಲಿ ಮಾಡಿ ಕುಡಿದಳು.

ಮೂರನೆಯ ದಿನ, ಎರಡೂರು ಆಚೆ ಇರುವ ನನ್ನ ಅಂಗೈತೆರೆಗೆ 'ನೀಲವ್ವ ಹೋದಳು' ಎಂಬ ಸುದ್ದಿ ಬಂತು. ಸುಳ್ಳು ಎಂದುಕೊಂಡು ಶೇಂಗಾ ಸುಲಿಯುತ್ತ ಕುಳಿತೆ. ಸಂಜೆ ಮಾಬುಸಾಬನೇ ಬಂದು ಬಾಗಿಲಲ್ಲಿ ಅಳುತ್ತ ಹೇಳಿದಾಗ ನಂಬಿದೆ. ನಾನು ತಲುಪುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು.

ಈ ಪತ್ರ ನಿಮ್ಮ ಕೈ ಸೇರುವ ಹೊತ್ತಿಗೆ ನಿಮ್ಮ ಪೆನ್ನಿನ ಶಾಯಿ ಇನ್ನೂ ಒಣಗಿರುವುದಿಲ್ಲ. ಆ ಟಿಪ್ಪಣಿಯನ್ನು ಹೊಡೆದುಹಾಕಿ. ನಿಜವನ್ನು ತಳ್ಳಿದವರಿಗೂ ಅಂಕ ಕಳೆಯಿರಿ. ಗೊತ್ತಾಗದಿದ್ದಾಗ ಯಾರನ್ನು ಕೇಳುತ್ತೀರಿ, ಅವರನ್ನೇ ಏಕೆ ಎಂದು ಇನ್ನೊಂದು ಪ್ರಶ್ನೆ ಸೇರಿಸಿ. ಆಗ ನೀಲವ್ವನಂಥವಳಿಗೆ ಮಾಬುಸಾಬನ ಹೆಸರು ನೆನಪಾಗಬಹುದು.

ಇಂದು ಅವಳ ಮನೆಯ ಕಟ್ಟೆಯ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಈಗಷ್ಟೇ ಜರಡಿಯಕ್ಕ ಬಂದಿದ್ದಳು. ಬಾಗಿಲಿಗೆ ಬೀಗವಿತ್ತು. ತಂಗಿ ಸತ್ತಳೆಂದು ಹೇಳಿದೆ. ಅವಳು ನನ್ನ ಮುಖ ನೋಡಿದಳು, ನಂಬಲಿಲ್ಲ. ಬಿಲ್ಲೆ ನೋಡಿ, ಹಳೆಯ ನೂರನ್ನೇ ಮತ್ತೆ ಬರೆದುಕೊಂಡು ಮುಂದಿನ ಮನೆಗೆ ಹೋದಳು.

ಇಂತಿ,
ಸುಭದ್ರಾ ಹಂಚಿನಾಳ