ಕಿತ್ತೆಸೆದ ಪದಕ

೧೪ ಜೂನ್ ೧೯೯೭, ಶನಿವಾರ

ಇವತ್ತು ಸುಳ್ಳು ಹೇಳಿದೆ.

ಟಾಪ್ ಮಡಚುವ ನಮ್ಮ ಹಳೇ ಇಂಗ್ಲಿಷ್ ಕಾರು ಯಾರ್ಯಾರ ಕೈ ದಾಟಿ ಅಮೆರಿಕದ ಈ ಮೇನ್ ರಾಜ್ಯಕ್ಕೆ ಬಂತೆಂದು ನನ್ನ ಗಂಡ ಲೈಲ್ ಮದುವೆಯ ಸಂಬಂಧ ಹುಡುಕುವವನ ಹಾಗೆ ಹುಡುಕುತ್ತಿದ್ದ. ಅದನ್ನು ಮೊದಲು ಹಡಗಿನಲ್ಲಿ ತರಿಸಿದ ಥಿಬಡೋ ಎಂಬ ಮುದುಕರು ಕೊನೆಗೂ ಸಿಕ್ಕರು. ಇವತ್ತು ಊಟಕ್ಕೆ ಬಂದಿದ್ದರು. ಕಾರಿನಲ್ಲಿ ಕೂತವರೇ ಸ್ಟಿಯರಿಂಗ್ ಪಕ್ಕ ಹೆಬ್ಬೆರಳಿನಿಂದ ತಡಕಿದರು.

"ಇಲ್ಲಿ ಸಂತ ಕ್ರಿಸ್ಟೋಫರನ ಪದಕ ಇತ್ತಮ್ಮ. ತೀರ್ಕೊಂಡ ನನ್ನ ಹೆಂಡ್ತಿ ಅಂಟ್ಸಿದ್ದು. ನನ್ನ ಡ್ರೈವಿಂಗ್ ನಂಬ್ತಿರ್ಲಿಲ್ಲ, ಅದಕ್ಕೇ ಸಂತನ್ನ ಕಾವಲಿಗೆ ಹಾಕಿದ್ಳು."

ಸಂತರನ್ನು ಪೂಜಿಸದ ಬ್ಯಾಪ್ಟಿಸ್ಟರ ಮನೆಯಲ್ಲಿ ವಿಗ್ರಹ ಏಕೆಂದು, ಕಾರು ಬಂದ ವಾರವೇ ಅದನ್ನು ಕಿತ್ತು ಕಸಕ್ಕೆ ಹಾಕಿದವಳು ನಾನು.

"ನಮ್ಮಲ್ಲಿಗೆ ಬಂದಾಗ್ಲೇ ಇರ್ಲಿಲ್ಲ," ಎಂದೆ.

"ಹಾಗಾದ್ರೆ ನಮಗೆ ಮಾರಿದ ಗ್ರೀನ್‌ಲೀಫೇ ಕಿತ್ಕೊಂಡಿರ್ಬೇಕು, ಜಿಪುಣ ನನ್ಮಗ," ಎಂದ ಲೈಲ್. "ನಾಳೆ ಚರ್ಚ್ ಮುಗಿಸ್ಕೊಂಡು ಅವನ ಮನೇಗೇ ಹೋಗಿ ಕೇಳ್ತೀನಿ."

ಥಿಬಡೋ ನನ್ನ ಕೈ ಹಿಡಿದು, "ಹೋಗ್ಲಿ ಬಿಡಮ್ಮ, ನೀವೇನು ಮಾಡೋಕಾಗುತ್ತೆ?" ಎಂದರು.

ನಾನು ತಲೆಯಾಡಿಸಿದೆ.

ದೇವರ ಮುಂದೆ ಮೊಣಕಾಲೂರಿ ಒಪ್ಪಿಕೊಂಡದ್ದಾಯಿತು. ಅವನಿಗೆ ಮೊದಲೇ ಗೊತ್ತಿತ್ತು, ಅದು ಸುಲಭ. ಲೈಲ್ ಪಕ್ಕದಲ್ಲೇ ಮಲಗಿದ್ದಾನೆ. ಭುಜ ಮುಟ್ಟಿದರೆ ಸಾಕು, ಏಳುತ್ತಾನೆ. ಆದರೆ ಕೈ ಇನ್ನೂ ಪೆನ್ನನ್ನೇ ಹಿಡಿದುಕೊಂಡಿದೆ.