ಕುಂಕುಮ ಹಚ್ಚಿದ ಕಂಪ್ಯೂಟರು

೮-೧೦-೨೦೦೮, ಬುಧವಾರ. ನಂಜನಗೂಡು.

ಕಾಲೇಜಿನ ಸರ್ವರಿಗೆ ನಾನು ಕಟ್ಟಿದ ಇಮೇಜಿನಲ್ಲಿ, ಅಂದರೆ ಅದನ್ನು ನಡೆಸುವ ತಂತ್ರಾಂಶದ ಅಚ್ಚಿನಲ್ಲಿ, ಒಂದು ಸಾಲು ತೆಗೆಯಲು ಮರೆತಿದ್ದೇನೆ. ಪರೀಕ್ಷಿಸಿ ನೋಡಲೆಂದು ಬರೆದದ್ದು: ಆನ್ ಆದೊಡನೆ ಹಳೆಯದೆಲ್ಲ ಅಳಿಸು. ನಿನ್ನೆಯೇ ಅದು ಕ್ಲೌಡಿಗೆ, ಇಂಟರ್‌ನೆಟ್ಟಿನಲ್ಲಿ ಬಾಡಿಗೆಗೆ ಹಿಡಿದ ದೂರದ ಸರ್ವರಿಗೆ, ಹೋಯಿತು. ನಾಳೆ ಬೆಳಿಗ್ಗೆ ಆರಕ್ಕೆ ಸರ್ವರು ತಾನಾಗಿ ಆನ್ ಆಗುತ್ತದೆ. ಮೂಗೂರು, ತಲಕಾಡು ಕಡೆಯ ಆರುನೂರು ಮಕ್ಕಳ ಅರ್ಜಿ ಅಳಿಸಿಹೋಗುತ್ತದೆ. ತಡೆಯಲು ಬೇಕಾದ ಪಾಸ್‌ವರ್ಡ್ ಇರುವುದು ನಾನು ಕೆಲಸ ಮಾಡುವ ಆಫೀಸಿನ ಕಂಪ್ಯೂಟರಿನಲ್ಲಿ ಮಾತ್ರ.

ಆಫೀಸಿನ ಬೀಗದ ಕೈ ಕೇಳಲು ಅದರ ಓನರ್ ಪುಟ್ಟಬಸವಯ್ಯನವರ ಮನೆಗೆ ಓಡಿದೆ.

"ಆಯುಧಪೂಜೆ ಮಾಡಿಟ್ಟಿರೋದ ಮುಟ್ಟಾರೇನಪ್ಪಾ? ನಾಳೆ ಒಂಬತ್ತಕ್ಕೆ ಕಾಯಿ ಒಡ್ದು ಆನ್ ಮಾಡವ."

"ಸಾ, ಆರಕ್ಕೇ ಎಲ್ಲಾ ಒಂಟೋಯ್ತದೆ."

"ಅಬ್ಬದ ದಿನ ಅಂಗನ್ಬೇಡ ಕಣೋ," ಎಂದು ಒಬ್ಬಟ್ಟು ಬಡಿಸಿದರು. ತಿಂದೆ.

ಆ ಕಂಪ್ಯೂಟರಿಗೆ ಕುಂಕುಮ ಹಚ್ಚಿ ಪ್ಲಗ್ ಕಿತ್ತವನೂ ನಾನೇ. ಎಲ್ಲೋ ದೂರದ ಆ ಸರ್ವರಿಗೆ ಮಾತ್ರ ಹಬ್ಬ ಗೊತ್ತಿಲ್ಲ.